ಪಿಂಚಣಿ ಬಂತು, ಪೋಸ್ಟ್‌ಮ್ಯಾನ್ ಬರಲಿಲ್ಲ

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ವೃದ್ಧಾಪ್ಯ ವೇತನವನ್ನು ಈಗಲೂ ‘ಪಗಾರ’ ಎಂದೇ ಕರೆಯುತ್ತಾರೆ. ಆ ಪಗಾರ ಮನಿಆರ್ಡರ್ ಆಗಿ ಬರುತ್ತಿದ್ದ ಕಾಲದಲ್ಲಿ ಪೋಸ್ಟ್‌ಮ್ಯಾನ್ ತಿಂಗಳಿಗೊಮ್ಮೆ ಮನೆಯ ಕಟ್ಟೆಗೆ ಬಂದು ಕೂರುತ್ತಿದ್ದ, ಅಜ್ಜಿಯ ಹೆಬ್ಬೆಟ್ಟನ್ನು ಮಸಿಗೆ ಒತ್ತಿ ಫಾರ್ಮಿನ ಮೇಲೆ ಗುರುತು ಮೂಡಿಸುತ್ತಿದ್ದ, ನೋಟು ಎಣಿಸಿ ಕೊಡುವಾಗ ಚಹಾದ ಖರ್ಚಿಗೆಂದು ಹತ್ತೋ ಇಪ್ಪತ್ತೋ ಜೇಬಿಗೆ ಇಳಿಸಿಕೊಳ್ಳುವುದೂ ಇತ್ತು. ಹಣವನ್ನು ನೇರವಾಗಿ ಆಧಾರ್ ಜೋಡಣೆಯಾದ ಖಾತೆಗೆ ಹಾಕುವ ವ್ಯವಸ್ಥೆ ಬಂದದ್ದು ಇಂಥ ಸೋರಿಕೆಯನ್ನು ತಡೆಯಲೆಂದೇ, ಬಹುಮಟ್ಟಿಗೆ ಅದನ್ನು ತಡೆದೂ ಇದೆ. ಆದರೆ ಅದರ ಜೊತೆಗೆ ಇನ್ನೊಂದು ಸಂಗತಿಯೂ ಸದ್ದಿಲ್ಲದೆ ನಿಂತುಹೋಯಿತು. ಒಬ್ಬಂಟಿ ಮುದುಕಿಯ ಬಾಗಿಲಿಗೆ ತಿಂಗಳಿಗೊಮ್ಮೆಯಾದರೂ ಒಬ್ಬ ಮನುಷ್ಯ ಬಂದು, ಹೆಸರು ಹಿಡಿದು ಕೂಗಿ, ಆಕೆ ಎದ್ದು ಬರುವುದು ತಡವಾದರೆ ಪಕ್ಕದ ಮನೆಯವರನ್ನು ವಿಚಾರಿಸುತ್ತಿದ್ದ. ಆ ವಿಚಾರಣೆಗೆ ಬದಲಿಯಾಗಿ ಏನನ್ನೂ ನಾವು ಈವರೆಗೆ ಕಟ್ಟಿಕೊಂಡಿಲ್ಲ.

ಮುಪ್ಪಿನ ಬಡತನವನ್ನು ಕುರಿತ ಚರ್ಚೆ ನಮ್ಮಲ್ಲಿ ಬಹುತೇಕ ಮೊತ್ತದ ಸುತ್ತಲೇ ನಡೆಯುತ್ತದೆ. ಪಿಂಚಣಿ ಎಷ್ಟು, ಅದು ಎಷ್ಟಾಗಬೇಕು ಎಂಬುದೇ ಪ್ರಶ್ನೆ. ಅದು ನ್ಯಾಯವಾದ ಪ್ರಶ್ನೆ. ಆದರೆ ಕೈಕಾಲು ಸೋತ ಮೇಲೆ ಬಡತನಕ್ಕೆ ಇನ್ನೊಂದು ಮುಖ ಬರುತ್ತದೆ. ತನ್ನ ಪರವಾಗಿ ಓಡಾಡುವವರು ಯಾರೂ ಇಲ್ಲದಿರುವುದೇ ಆಗ ದೊಡ್ಡ ಕೊರತೆಯಾಗುತ್ತದೆ. ಸಮುದಾಯದ ಪ್ರಯತ್ನ ಎಂದು ನಾವು ಕರೆಯುವುದು ನಿಜವಾಗಿ ನೆರವಾಗಬಲ್ಲದ್ದು ಈ ಎರಡನೆಯ ಕೊರತೆಗೆ. ಮೊದಲನೆಯದನ್ನು ಸರಕಾರವೇ ತುಂಬಬೇಕು. ಊರಿನವರು ಚಂದಾ ಎತ್ತಿ ತುಂಬುವಂಥದಲ್ಲ ಅದು.

ಮೊದಲು ಅಳತೆಗೋಲನ್ನೇ ನೋಡೋಣ. 2011ರ ಜನಗಣತಿಯಲ್ಲಿ ಅರವತ್ತು ದಾಟಿದವರು ದೇಶದ ಜನಸಂಖ್ಯೆಯ ಶೇ. 8.6ರಷ್ಟಿದ್ದರು. ಕರ್ನಾಟಕದಲ್ಲಿ 2031ರ ಹೊತ್ತಿಗೆ ಈ ಪಾಲು ಶೇ. 15ರ ಆಸುಪಾಸಿಗೆ, ಕೇರಳದಲ್ಲಿ ಶೇ. 21ರ ಹತ್ತಿರಕ್ಕೆ ಏರುತ್ತದೆಂಬುದು ಸರಕಾರದ್ದೇ ಅಂದಾಜು. ಇದೇ ಅವಧಿಯಲ್ಲಿ ಬಡತನ ಇಳಿದಿದೆ ಎಂಬ ಲೆಕ್ಕವೂ ನಮ್ಮ ಮುಂದಿದೆ. ನೀತಿ ಆಯೋಗದ ಬಹುಆಯಾಮ ಬಡತನ ಸೂಚ್ಯಂಕದ ಪ್ರಕಾರ ಕರ್ನಾಟಕದಲ್ಲಿ 2015-16ರಲ್ಲಿ ಶೇ. 12.77ರಷ್ಟಿದ್ದ ಬಡವರ ಪ್ರಮಾಣ 2019-21ರ ಹೊತ್ತಿಗೆ ಶೇ. 7.58ಕ್ಕೆ ಬಂತು. ಸಂತೋಷ. ಆದರೆ ಈ ಸೂಚ್ಯಂಕದಲ್ಲಿ ಪೌಷ್ಟಿಕತೆಯನ್ನು ಅಳೆಯುವ ರೀತಿ ಗಮನಿಸುವಂತಿದೆ. ಮನೆಯಲ್ಲಿರುವ ಐದು ವರ್ಷದೊಳಗಿನ ಮಗು, 15ರಿಂದ 49ರ ಹೆಂಗಸು, 15ರಿಂದ 54ರ ಗಂಡಸು, ಇಷ್ಟು ಜನರ ತೂಕ-ಎತ್ತರ ಮಾತ್ರ ಲೆಕ್ಕಕ್ಕೆ ಬರುತ್ತದೆ, ಏಕೆಂದರೆ ಆಧಾರವಾಗಿರುವ ಆರೋಗ್ಯ ಸಮೀಕ್ಷೆ ತಕ್ಕಡಿಯ ಮೇಲೆ ನಿಲ್ಲಿಸುವುದು ಅವರನ್ನಷ್ಟೇ. ಎಪ್ಪತ್ತರ ವಿಧವೆಯೊಬ್ಬಳು ಒಂಟಿಯಾಗಿರುವ ಮನೆಯಲ್ಲಿ ತೂಗಬೇಕಾದವರೇ ಇಲ್ಲ! ಆಕೆ ಎರಡು ಹೊತ್ತು ಗಂಜಿಯಲ್ಲಿ ದಿನ ದೂಡುತ್ತಿದ್ದರೂ ಪೌಷ್ಟಿಕತೆಯ ಕಾಲಮ್ಮಿನಲ್ಲಿ ಆ ಮನೆ ಬಡಮನೆ ಎನಿಸಿಕೊಳ್ಳುವುದಿಲ್ಲ. ಮಕ್ಕಳು ಸೊಸೆಯಂದಿರು ತುಂಬಿದ ಮನೆಯಲ್ಲಿ ಕೊನೆಗೆ ಉಣ್ಣುವ ಮುದುಕನ ತಟ್ಟೆಯಂತೂ ಕುಟುಂಬವನ್ನು ಏಕಮಾನವಾಗಿ ಹಿಡಿಯುವ ಯಾವ ಲೆಕ್ಕದಲ್ಲೂ ಕಾಣಿಸದು.

ಇನ್ನು ಮೊತ್ತ. ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನಕ್ಕೆ ಕೇಂದ್ರ ಸರಕಾರ ಕೊಡುವ ಪಾಲು ಎಂಬತ್ತು ತುಂಬದವರಿಗೆ ತಿಂಗಳಿಗೆ 200 ರೂಪಾಯಿ, ತುಂಬಿದವರಿಗೆ 500. ಇನ್ನೂರರ ಆ ಅಂಕಿ ಹದಿನೆಂಟು ವರ್ಷಕ್ಕೂ ಹೆಚ್ಚು ಕಾಲದಿಂದ ಕದಲಿಲ್ಲ; ಈಗ ಅದರಲ್ಲಿ ಒಂದು ಕಿಲೋ ತೊಗರಿಬೇಳೆ ಕೊಂಡರೆ ಉಳಿಯುವುದು ಚಿಲ್ಲರೆ. ಮೇಲಿನದನ್ನು ರಾಜ್ಯಗಳು ತಮ್ಮ ತಮ್ಮ ಶಕ್ತ್ಯಾನುಸಾರ ತುಂಬುತ್ತವೆ. ಕರ್ನಾಟಕದಲ್ಲಿ 2007ರಲ್ಲಿ ಶುರುವಾದ ಸಂಧ್ಯಾ ಸುರಕ್ಷಾ ಯೋಜನೆಯಡಿ ಅರವತ್ತೈದು ದಾಟಿದ ಬಡವರಿಗೆ ಈಗ ಸಿಗುವುದು 1200 ರೂಪಾಯಿ, ಅದೂ ವಾರ್ಷಿಕ ಆದಾಯ 32 ಸಾವಿರ ಮೀರದಿದ್ದರೆ. ಇದರ ಪಕ್ಕದಲ್ಲಿ 2023ರಲ್ಲಿ ಬಂದ ಗೃಹಲಕ್ಷ್ಮಿಯ 2000 ರೂಪಾಯಿಯನ್ನು ಇಟ್ಟು ನೋಡಿದರೆ ಒಂದು ವಿಚಿತ್ರ ಅಸಮತೆ ಕಾಣುತ್ತದೆ. ಪಡಿತರ ಚೀಟಿಯಲ್ಲಿ ಯಜಮಾನಿಯಾಗಿರುವ ವಿಧವೆಗೆ ಎರಡೂ ಸೇರಿ 3200 ರೂಪಾಯಿ ಬರಬಹುದು, ತಾಲ್ಲೂಕಿಗೆ ಹೋಗಿಬರಲು ಬಸ್ಸೂ ಉಚಿತ. ಹೆಂಡತಿ ತೀರಿಕೊಂಡ, ಒಂಟಿಯಾಗಿರುವ ಮುದುಕನಿಗೆ 1200 ಅಷ್ಟೇ, ಬಸ್ಸಿನಲ್ಲಿ ಕಾಲುಭಾಗದ ರಿಯಾಯಿತಿ. ಹೆಂಗಸರ ಮುಪ್ಪು ಹೆಚ್ಚು ದೀರ್ಘ, ಹೆಚ್ಚು ಬರಿಗೈಯದು ಎಂಬುದು ನಿಜವಾದ್ದರಿಂದ ಈ ಒಲವನ್ನು ನಾನು ತಪ್ಪೆನ್ನಲಾರೆ. ಆದರೂ ಒಲೆ ಹಚ್ಚಿ ಅಭ್ಯಾಸವಿಲ್ಲದ ಒಂಟಿ ಮುದುಕರು ಹಳ್ಳಿಗಳಲ್ಲಿ ಚಹಾ-ಬನ್ನಿನ ಮೇಲೆ ದಿನ ದೂಡುವುದನ್ನು ಕಂಡವರಿಗೆ ಈ ಗುಂಪಿನ ಬಗ್ಗೆ ಯಾವ ಯೋಜನೆಯೂ ಯೋಚಿಸಿದಂತಿಲ್ಲ ಎನ್ನಿಸದೆ ಇರದು. ಗೃಹಲಕ್ಷ್ಮಿ ಅತ್ತೆಗೆ ಸೇರಬೇಕೇ ಸೊಸೆಗೆ ಸೇರಬೇಕೇ ಎಂಬ ಜಗಳದಲ್ಲಿ ಎಷ್ಟೋ ಮನೆಗಳ ಪಡಿತರ ಚೀಟಿಯೂ ಒಲೆಯೂ ಬೇರೆಯಾದವು ಎಂಬುದು ಇನ್ನೊಂದು ಕತೆ.

ಇಷ್ಟಾದರೂ ಹಣ ಮಂಜೂರಾಗುವುದು ಒಂದು ಘಟ್ಟ, ಕೈಗೆ ಬರುವುದು ಇನ್ನೊಂದು. ನ್ಯಾಯಬೆಲೆ ಅಂಗಡಿಯೊಂದರ ಸರದಿಯಲ್ಲಿ ನಾನು ಒಮ್ಮೆ ನಿಂತಿದ್ದಾಗ ಮುಂದಿದ್ದ ಅಜ್ಜಿಯ ಬೆರಳನ್ನು ಯಂತ್ರ ನಾಲ್ಕು ಸಲ ತಿರಸ್ಕರಿಸಿತು. ಆಕೆ ಪ್ರತಿ ಸಲವೂ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡು, ಗಾಜಿನ ಮೇಲೆ ಇನ್ನಷ್ಟು ಬಲವಾಗಿ ಒತ್ತುತ್ತಿದ್ದಳು. ಹುಣಸೆಹಣ್ಣು ಬಿಡಿಸಿ ಬಿಡಿಸಿ ಬೆರಳಿನ ಗೆರೆಗಳು ಸವೆದು ನುಣ್ಣಗಾಗಿದ್ದವು. “ಹತ್ತವಲ್ದು ಅಮ್ಮಾ, ನಾಳಿ ಬಾ” ಎಂದ ಅಂಗಡಿಯ ಹುಡುಗನ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಇಂಥ ಸಂದರ್ಭಕ್ಕೆ ಬೇರೆ ದಾರಿಗಳಿವೆ, ಮೊಬೈಲಿಗೆ ಒಟಿಪಿ ತರಿಸಬಹುದು, ತನ್ನ ಪರವಾಗಿ ಇನ್ನೊಬ್ಬರು ಪಡಿತರ ಒಯ್ಯಲು ಹೆಸರು ಬರೆಸಬಹುದು. ಆದರೆ ಆಕೆಯ ಬಳಿ ಮೊಬೈಲ್ ಇರಲಿಲ್ಲ, ಬರೆಸಲು ಇನ್ನೊಬ್ಬರೂ ಇರಲಿಲ್ಲ. ನಿಯಮದಲ್ಲಿರುವ ಪ್ರತಿಯೊಂದು ವಿನಾಯಿತಿಯೂ ಪಕ್ಕದಲ್ಲಿ ಒಬ್ಬ ಬಲ್ಲವರು ನಿಂತಿದ್ದಾರೆಂದು ಭಾವಿಸಿಕೊಂಡೇ ಬರೆದದ್ದು. ಬ್ಯಾಂಕಿನ ಕೆವೈಸಿ ಅವಧಿ ಮುಗಿದು ಖಾತೆ ನಿಂತಾಗ, ಆಧಾರಿನಲ್ಲಿ ಹುಟ್ಟಿದ ವರ್ಷ ತಪ್ಪಾಗಿ ಅರವತ್ತೈದರ ಅಜ್ಜಿ ಐವತ್ತೆಂಟಾದಾಗ, ಅನರ್ಹರನ್ನು ತೆಗೆಯುವ ಪರಿಶೀಲನೆಯಲ್ಲಿ ಅರ್ಹರ ಹೆಸರೂ ಕೊಚ್ಚಿಹೋದಾಗ ನಡೆಯುವುದೂ ಇದೇ. ನಾಡಕಚೇರಿಗೆ ಮೂರು ಸಲ ಅಲೆಯಬಲ್ಲವರ ಪಿಂಚಣಿ ಮತ್ತೆ ಶುರುವಾಗುತ್ತದೆ.

ಈ ‘ಪಕ್ಕದಲ್ಲಿ ನಿಲ್ಲುವವರ’ ಸಮಸ್ಯೆಗೆ ಕೈಹಾಕಿದ ದೊಡ್ಡ ಪ್ರಯೋಗ ನಮ್ಮ ನೆರೆಯಲ್ಲೇ ನಡೆದಿದೆ. ಕೇರಳದ ಸರಕಾರ 2021ರಲ್ಲಿ ಅಧಿಕಾರಕ್ಕೆ ಮರಳಿದ ಕೂಡಲೇ ಕಡುಬಡತನ ನಿರ್ಮೂಲನದ ನಿರ್ಧಾರ ಕೈಗೊಂಡಿತು. ಆದಾಯದ ಗೆರೆಯೊಂದನ್ನು ಎಳೆದು ಕೆಳಗಿದ್ದವರನ್ನು ಎಣಿಸುವ ಹಾದಿಯನ್ನು ಅವರು ಹಿಡಿಯಲಿಲ್ಲ. ಆಹಾರ, ಆರೋಗ್ಯ, ಆದಾಯ, ವಸತಿ ಎಂಬ ನಾಲ್ಕು ಕೊರತೆಗಳನ್ನು ಮುಂದಿಟ್ಟು, ಈ ವಾರ್ಡಿನಲ್ಲಿ ಇಂಥವರು ಯಾರಿದ್ದಾರೆ ಎಂದು ವಾರ್ಡಿನವರನ್ನೇ ಕೇಳಿದರು. ಕುಟುಂಬಶ್ರೀ ಎಂಬ ಮಹಿಳಾ ಸಂಘಗಳ ಜಾಲದ ಹೆಂಗಸರು, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು, ಪಂಚಾಯಿತಿ ಸದಸ್ಯರು ಕೂತು ಹೆಸರು ಹೇಳಿದರು. ಆ ಹೆಸರುಗಳ ಮನೆಗೆ ಹೋಗಿ ನೋಡಿ, ಗ್ರಾಮಸಭೆಯಲ್ಲಿ ಓದಿ, ಆಮೇಲೆ ಪಟ್ಟಿ ಅಂತಿಮವಾಯಿತು. ಮೊದಲು ಪ್ರಯೋಗ ಮಾಡಿ ನೋಡಿದ ಜಾಗಗಳಲ್ಲಿ ಕೊಡಗಿನ ಕುಟ್ಟದಿಂದ ಕೂಗಳತೆಯಲ್ಲಿರುವ ವಯನಾಡಿನ ತಿರುನೆಲ್ಲಿ ಪಂಚಾಯಿತಿಯೂ ಒಂದು. ಇಡೀ ರಾಜ್ಯದಲ್ಲಿ ಹೀಗೆ ಗುರುತಿಸಿದ್ದು 64,006 ಕುಟುಂಬಗಳನ್ನು, ಅಂದರೆ 1,03,099 ಜನರನ್ನು.

ಈ ಎರಡು ಅಂಕಿಗಳನ್ನು ಭಾಗಿಸಿ ನೋಡಬೇಕು. ಒಂದು ಕುಟುಂಬಕ್ಕೆ ಸರಾಸರಿ ಒಬ್ಬರಿಗಿಂತ ತುಸು ಹೆಚ್ಚು, 1.6 ಮಂದಿ! ನಮ್ಮ ದೇಶದ ಸಾಮಾನ್ಯ ಕುಟುಂಬದಲ್ಲಿ ನಾಲ್ಕಕ್ಕಿಂತ ಹೆಚ್ಚು ಜನರಿರುತ್ತಾರೆ. ಕೇರಳದ ಕಡುಬಡತನ ಎಂದರೆ ಬಹುಪಾಲು ಒಂಟಿತನವೇ ಎಂದು ಈ ಭಾಗಾಕಾರ ಹೇಳುತ್ತದೆ. ಒಂದೇ ಜೀವದ ಮನೆಗಳು, ಗಂಡ-ಹೆಂಡತಿ ಇಬ್ಬರೇ ಉಳಿದು ಅವರಲ್ಲೊಬ್ಬರು ಹಾಸಿಗೆ ಹಿಡಿದ ಮನೆಗಳು, ಮುದಿ ತಾಯಿ ಮತ್ತು ಬುದ್ಧಿ ಬೆಳೆಯದ ಮಗ ಇರುವ ಮನೆಗಳು. ಇನ್ನೊಂದು ಅಂಕಿಯನ್ನಂತೂ ಓದಿದ ಮೇಲೆ ಮರೆಯುವುದು ಕಷ್ಟ. ಪಟ್ಟಿ ತಯಾರಾಗಿ ಯೋಜನೆ ಮುಗಿಯುವ ನಾಲ್ಕೇ ವರ್ಷಗಳಲ್ಲಿ 4,421 ಕುಟುಂಬಗಳ ಹೆಸರಿಗೆ ಗೆರೆ ಎಳೆಯಬೇಕಾಯಿತು, ಏಕೆಂದರೆ ಅವೆಲ್ಲ ಒಬ್ಬರೇ ಇದ್ದ ಮನೆಗಳು, ಆ ಒಬ್ಬರು ತೀರಿಕೊಂಡಿದ್ದರು. ಎಲ್ಲೋ ಹೊರಟುಹೋದ 261 ಅಲೆಮಾರಿ ಕುಟುಂಬಗಳನ್ನೂ ಎರಡೆರಡು ಸಲ ಸೇರಿದ್ದ 47 ಹೆಸರುಗಳನ್ನೂ ಕಳೆದು ಉಳಿದದ್ದು 59,277.

ಪ್ರತಿ ಮನೆಗೂ ಬೇರೆ ಬೇರೆ ಕಿರುಯೋಜನೆ ಬರೆದದ್ದು ಈ ಕೆಲಸದ ಜೀವಾಳ. ಬರೆಯಲು ಕೂತಾಗ ಎಷ್ಟೋ ಜನರಿಗೆ ಮೊದಲು ಬೇಕಾದದ್ದು ಹಣ ಅಲ್ಲವೆಂಬುದು ಗೊತ್ತಾಯಿತು. ಪಡಿತರ ಚೀಟಿ, ಆಧಾರ್, ಪಿಂಚಣಿಯಂಥ ದಾಖಲೆಗಳನ್ನೇ 21,263 ಮಂದಿಗೆ ಮಾಡಿಸಿಕೊಡಬೇಕಾಯಿತು. ಸಾಕ್ಷರತೆಗೂ ಪಂಚಾಯಿತಿ ಆಡಳಿತಕ್ಕೂ ಹೆಸರಾದ ರಾಜ್ಯದಲ್ಲೇ ಇಷ್ಟು ಜನ ಕಾಗದದ ಹೊರಗಿದ್ದರು ಎಂದಮೇಲೆ ನಮ್ಮ ಯಾದಗಿರಿ, ಕಲಬುರಗಿಯ ತಾಂಡಾಗಳಲ್ಲಿ ಹುಡುಕಿದರೆ ಏನು ಸಿಕ್ಕೀತು ಎಂಬ ಯೋಚನೆ ಬಾರದಿರದು. ಊಟದ ಲೆಕ್ಕದಲ್ಲಿ ಇನ್ನೊಂದು ಸೂಕ್ಷ್ಮವಿದೆ. 20,648 ಕುಟುಂಬಗಳಿಗೆ ಆಹಾರದ ಭದ್ರತೆ ಕಲ್ಪಿಸಿದಾಗ ಅವುಗಳಲ್ಲಿ 2,210 ಮನೆಗಳಿಗೆ ಬೇಯಿಸಿದ ಬಿಸಿ ಊಟವನ್ನೇ ತಲುಪಿಸುವ ಏರ್ಪಾಡಾಯಿತು. ಅಕ್ಕಿ ಕೊಟ್ಟರೆ ಊಟ ಕೊಟ್ಟಂತೆ ಎಂದು ಅನ್ನಭಾಗ್ಯದ ನಾಡಿನ ನಾವು ನಂಬಿಕೊಂಡು ಬಂದಿದ್ದೇವೆ. ಕೈನಡುಗುವವರಿಗೆ, ಕಣ್ಣು ಕಾಣದವರಿಗೆ, ನೀರು ಹೊತ್ತು ತರಲಾಗದವರಿಗೆ ಚೀಲದಲ್ಲಿರುವ ಅಕ್ಕಿ ಊಟವಾಗುವುದಿಲ್ಲ.

ಈ ಎಲ್ಲ ಕೆಲಸ ಆಗಲು ಸಾಧ್ಯವಾದದ್ದು 2021ರ ಒಂದು ಆದೇಶದಿಂದಲ್ಲ. ಕುಟುಂಬಶ್ರೀ 1998ರಲ್ಲಿ ಹುಟ್ಟಿದ ಮಹಿಳಾ ಜಾಲ; ನೆರೆಹೊರೆಯ ಹೆಂಗಸರ ಗುಂಪುಗಳೇ ಅದರ ತಳಹದಿ. ಅದಕ್ಕೂ ಮೊದಲು, 1993ರಲ್ಲಿ, ಕೋಳಿಕ್ಕೋಡಿನ ವೈದ್ಯಕೀಯ ಕಾಲೇಜಿನ ಆವರಣದಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಡಾ. ಸುರೇಶ್ ಕುಮಾರ್ ಅವರ ಮುಂದಾಳತ್ವದಲ್ಲಿ ನೋವು ಶಮನದ ಚಿಕಿತ್ಸಾಲಯವೊಂದು ಶುರುವಾಗಿತ್ತು. ಆಸ್ಪತ್ರೆಯವರೆಗೆ ಬರಲಾಗದವರ ಮನೆಗೇ ಹೋಗಬೇಕಾದಾಗ ವೈದ್ಯರ ಸಂಖ್ಯೆ ಸಾಲದೆಂದು ಆ ಬಳಗಕ್ಕೆ ಬೇಗ ಅರಿವಾಯಿತು. ಮಲಪ್ಪುರಂ ಜಿಲ್ಲೆಯಲ್ಲಿ ಸುಮಾರು 2000ದಿಂದೀಚೆಗೆ ಬೆಳೆದ ನೆರೆಹೊರೆ ಜಾಲದಲ್ಲಿ ಅಂಗಡಿಯವರು, ಮೇಷ್ಟರು, ಆಟೋ ಓಡಿಸುವವರು, ಕಾಲೇಜು ಹುಡುಗರು ವಾರಕ್ಕೆ ಎರಡು ಗಂಟೆಯಾದರೂ ಕೊಡುತ್ತೇವೆಂದು ಒಪ್ಪಿಕೊಂಡು, ತರಬೇತಿ ಪಡೆದು, ನರ್ಸ್ ಜೊತೆ ಮನೆಮನೆಗೆ ಹೋಗತೊಡಗಿದರು. ಔಷಧದ ಖರ್ಚಿಗೆ ಊರಿನಲ್ಲೇ ಚಿಲ್ಲರೆ ದೇಣಿಗೆ ಕೂಡಿತು. 2008ರಲ್ಲಿ ಸರಕಾರ ಇದನ್ನು ನೀತಿಯಾಗಿ ಬರೆದುಕೊಂಡು, ಮನೆಭೇಟಿಯ ನರ್ಸನ್ನು ಪಂಚಾಯಿತಿಗಳ ಕೆಲಸದ ಭಾಗವಾಗಿಸಿತು. ಜನ ಮೊದಲು ನಡೆದ ದಾರಿಗೆ ಸರಕಾರ ಆಮೇಲೆ ಡಾಂಬರು ಹಾಕಿದ ಈ ಕ್ರಮವೇ ನನಗೆ ಮುಖ್ಯವಾಗಿ ಕಾಣುತ್ತದೆ. ಪಿಂಚಣಿಯ ವಿಷಯದಲ್ಲೂ ಅಲ್ಲಿ ಬಾಗಿಲು ತಟ್ಟುವವರು ಉಳಿದುಕೊಂಡಿದ್ದಾರೆ. ಬ್ಯಾಂಕಿಗೆ ಹೋಗಲಾಗದವರಿಗೆ ಪ್ರಾಥಮಿಕ ಸಹಕಾರಿ ಸಂಘಗಳ ಏಜೆಂಟರು ಮನೆಗೇ ಹಣ ತಂದುಕೊಡುತ್ತಾರೆ, ಪ್ರತಿ ಮನೆಗಿಷ್ಟೆಂದು ಸರಕಾರ ಸಂಘಕ್ಕೆ ಕೂಲಿ ಕೊಡುತ್ತದೆ. ನವೆಂಬರ್ 2025ರಿಂದ ಆ ಪಿಂಚಣಿ 1600ರಿಂದ 2000 ರೂಪಾಯಿಗೆ ಏರಿದೆ.

2025ರ ನವೆಂಬರ್ 1ರಂದು ಮುಖ್ಯಮಂತ್ರಿ ಪಿಣರಾಯಿ ವಿಜಯನ್ ವಿಧಾನಸಭೆಯಲ್ಲಿ ಕೇರಳವನ್ನು ಕಡುಬಡತನಮುಕ್ತವೆಂದು ಘೋಷಿಸಿದಾಗ ವಿರೋಧಪಕ್ಷ ಸಭೆಯಿಂದ ಹೊರನಡೆಯಿತು. ಅಲ್ಲಿಯ ಹಲವು ಹಿರಿಯ ಅರ್ಥಶಾಸ್ತ್ರಜ್ಞರು ಕೇಳಿದ ಪ್ರಶ್ನೆಗಳು ರಾಜಕೀಯ ಗದ್ದಲಕ್ಕಿಂತ ಹೆಚ್ಚು ತೂಕದವು. ಅತಿ ಬಡವರಿಗೆಂದೇ ಕೊಡುವ ಅಂತ್ಯೋದಯ ಪಡಿತರ ಕಾರ್ಡುಗಳು ಸುಮಾರು 5.9 ಲಕ್ಷ ಇರುವ ರಾಜ್ಯದಲ್ಲಿ ಅತಿ ಬಡವರು 64 ಸಾವಿರ ಕುಟುಂಬಗಳಷ್ಟೇ ಎಂಬುದಕ್ಕೆ ಯಾವ ಅಂಕಿಅಂಶದ ಆಧಾರ ಎಂದು ಅವರು ಕೇಳಿದರು. ಸರಕಾರದ ಉತ್ತರ, ಅಂತ್ಯೋದಯದವರಿಗೆ ನೆರವು ಸಿಗುತ್ತಿದೆ, ಈ ಪಟ್ಟಿ ಯಾವ ನೆರವಿನ ಬಲೆಗೂ ಬೀಳದವರದು ಎಂದು. ಉತ್ತರದಲ್ಲಿ ಹುರುಳಿದೆ, ಆದರೆ ‘ಮುಕ್ತ’ ಎಂಬ ಪದ ಅಲ್ಲಿ ಹೊಂದುವುದಿಲ್ಲ. ಮುಪ್ಪಿನ ಬಡತನ ಒಮ್ಮೆ ಗುಡಿಸಿ ಮುಗಿಸುವ ಕಸವಲ್ಲ. ಹೋದ ವರ್ಷ ಇಬ್ಬರಿದ್ದ ಮನೆ ಈ ವರ್ಷ ಒಬ್ಬರದಾಗಿರುತ್ತದೆ, ಮುಚ್ಚಿದ ಪಟ್ಟಿಗೆ ಆ ಒಬ್ಬರು ಸೇರುವುದು ಹೇಗೆ? ಇನ್ನೊಂದು ಆತಂಕವೂ ಇದೆ. ಕುಟುಂಬಶ್ರೀಯ ಹೆಂಗಸರು ಇಪ್ಪತ್ತು ರೂಪಾಯಿಗೆ ಊಟ ಹಾಕುತ್ತಿದ್ದ ಜನಕೀಯ ಹೋಟೆಲುಗಳಿಗೆ ಊಟಕ್ಕೆ ಹತ್ತು ರೂಪಾಯಿಯಂತೆ ಕೊಡುತ್ತಿದ್ದ ಸಹಾಯಧನವನ್ನು 2023ರಲ್ಲಿ ಸರಕಾರವೇ ನಿಲ್ಲಿಸಿತು. ಸಮುದಾಯ ಎಂಬ ಗೌರವದ ಪದದ ಹಿಂದೆ ದುಡಿಯುವವರು ಯಾರು, ಅವರ ಕೂಲಿ ಎಷ್ಟು ಎಂಬುದನ್ನು ಯಾವ ಘೋಷಣೆಯೂ ಹೇಳುವುದಿಲ್ಲ.

ಕರ್ನಾಟಕಕ್ಕೆ ಬಂದರೆ, ನಮ್ಮಲ್ಲಿ ಬಿಡಿಭಾಗಗಳಿಗೆ ಕೊರತೆಯಿಲ್ಲ. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಮತ್ತು ನಗರ ಪೊಲೀಸರು ಸೇರಿ 2002ರಲ್ಲೇ ಹಿರಿಯರಿಗಾಗಿ 1090 ಸಹಾಯವಾಣಿ ಶುರುಮಾಡಿದ್ದರು. ಈಗ ದೇಶಕ್ಕೆಲ್ಲ 14567 ಎಂಬ ಸಂಖ್ಯೆಯಿದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ನಿರ್ಗತಿಕ ವೃದ್ಧರಿಗೆ ಮಾಸಾಶನ ಕೊಡುತ್ತ ಬಂದಿದೆ. ಒಂಟಿ ವೃದ್ಧರ ಮನೆಗೇ ಪಡಿತರ ಮುಟ್ಟಿಸುವ ‘ಅನ್ನ ಸುವಿಧಾ’ ಯೋಜನೆಯನ್ನು 2024-25ರ ಬಜೆಟ್ಟಿನಲ್ಲಿ ಎಂಬತ್ತು ದಾಟಿದವರಿಗೆಂದು ಪ್ರಕಟಿಸಲಾಯಿತು. ಪಿಂಚಣಿಗೆ ದೂರವಾಣಿಯಲ್ಲೇ ಅರ್ಜಿ ಹಾಕುವ 155245 ಸಂಖ್ಯೆಯೂ ಬಂತು. ಕರೆ ಮಾಡಬಲ್ಲವರಿಗೆ ಇವೆಲ್ಲ ಉಪಯುಕ್ತ.

ಕೊರತೆ ಇರುವುದು ಇವುಗಳನ್ನು ಒಂದು ಮನೆಯ ಮುಂದೆ ತಂದು ಸೇರಿಸುವ ಕೈಯಲ್ಲಿ. ಅದಕ್ಕೆ ಆಡಳಿತದ ಒಂದು ಕಾರಣವಿದೆ, ಅದರ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಕೇರಳದಲ್ಲಿ ಪಿಂಚಣಿ ಅರ್ಜಿ ಸಲ್ಲುವುದು ಸ್ಥಳೀಯ ಪಂಚಾಯಿತಿಗೆ. ನಮ್ಮಲ್ಲಿ ಅದು ಕಂದಾಯ ಇಲಾಖೆಯ ಕೆಲಸ. ನಾಡಕಚೇರಿ, ಗ್ರಾಮ ಆಡಳಿತಾಧಿಕಾರಿ, ತಹಶೀಲ್ದಾರ್ ಎಂಬ ದಾರಿಯಲ್ಲಿ ಸಾಗುವ ಕಡತಕ್ಕೆ ಪಂಚಾಯಿತಿಯ ಹೊಸ್ತಿಲು ಅಡ್ಡ ಬರುವುದೇ ಇಲ್ಲ. ಹೀಗಾಗಿ ಗ್ರಾಮಸಭೆಯಲ್ಲಿ ಮನೆ ಮಂಜೂರಾದವರ ಪಟ್ಟಿಗೆ ಕೈಕೈ ಮಿಲಾಯಿಸುವಷ್ಟು ಜಗಳವಾಗುತ್ತದೆ, ಪಿಂಚಣಿ ನಿಂತುಹೋದವರ ಪಟ್ಟಿಯನ್ನು ಯಾರೂ ಓದುವುದಿಲ್ಲ. ಅಂಗವಿಕಲರಿಗಾಗಿ ಪ್ರತಿ ಗ್ರಾಮ ಪಂಚಾಯಿತಿಗೆ ಒಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಏರ್ಪಾಡಿದೆ. ಅವರಲ್ಲಿ ಬಹುತೇಕರು ತಾವೇ ಅಂಗವಿಕಲರು, ಅಲ್ಪ ಗೌರವಧನಕ್ಕೆ ದುಡಿಯುವವರು. ಪ್ರಮಾಣಪತ್ರ ಮಾಡಿಸುವುದು, ಬ್ಯಾಂಕಿಗೆ ಜೊತೆಗೆ ಹೋಗುವುದು, ನಿಂತ ವೇತನದ ಬೆನ್ನು ಹತ್ತುವುದು ಅವರಿಗೆ ಕರತಲಾಮಲಕ. ವೃದ್ಧರಿಗೆ ಬೇಕಾದದ್ದೂ ಇದೇ ಕೆಲಸ, ಆದರೆ ವೃದ್ಧರು ಅವರ ಜವಾಬ್ದಾರಿಯಲ್ಲಿ ಸೇರಿಲ್ಲ.

ಇದರ ಬದಲು ನಮ್ಮ ಸಾರ್ವಜನಿಕ ಮಾತು ಮಕ್ಕಳ ಕೃತಘ್ನತೆಯ ಕಡೆಗೆ ಬೇಗ ಹೊರಳುತ್ತದೆ. 2025ರ ಮಾರ್ಚ್‌ನಲ್ಲಿ ರಾಜ್ಯದ ವೈದ್ಯಕೀಯ ಶಿಕ್ಷಣ ಸಚಿವರು, ಬೆಳಗಾವಿಯ ಸರಕಾರಿ ವೈದ್ಯಕೀಯ ಸಂಸ್ಥೆಯೊಂದರಲ್ಲೇ 150ಕ್ಕೂ ಹೆಚ್ಚು ವೃದ್ಧರನ್ನು ಮನೆಯವರು ಬಿಟ್ಟುಹೋಗಿದ್ದಾರೆಂದು ತಿಳಿಸಿ, ಅಂಥ ಮಕ್ಕಳಿಗೆ ಬರೆದುಕೊಟ್ಟ ಆಸ್ತಿಯನ್ನು ರದ್ದುಪಡಿಸುವ ಮಾತನಾಡಿದರು. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಲ್ಲಿ ಆ ಅಧಿಕಾರ ಇದೆ; ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯಾದರೆ ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಹಾಕಬಹುದು. ಆಸ್ತಿ ಇದ್ದವರಿಗೆ ಅದು ಗಟ್ಟಿ ಆಸರೆಯೇ. ಆದರೆ ತಾಯಿಯನ್ನು ವಾರ್ಡಿನಲ್ಲಿ ಬಿಟ್ಟು ಬೆಂಗಳೂರಿನ ಕಟ್ಟಡದ ಕೆಲಸಕ್ಕೋ ಗೋವಾದ ಕೂಲಿಗೋ ಬಸ್ಸು ಹತ್ತಿದವನ ಹೆಸರಿಗೆ ರದ್ದುಪಡಿಸಲು ಯಾವ ಆಸ್ತಿ ಇರುತ್ತದೆ? ಶೆಡ್ಡಿನಲ್ಲಿ ಮಲಗುವ ಅವನು ಹಾಸಿಗೆ ಹಿಡಿದ ತಾಯಿಯನ್ನು ಎಲ್ಲಿ ಇಟ್ಟುಕೊಳ್ಳಬೇಕು? ಬಡವರ ಮಟ್ಟಿಗೆ ಇದು ಕೃತಘ್ನತೆಗಿಂತ ಹೆಚ್ಚಾಗಿ ವಲಸೆಯ ಪ್ರಶ್ನೆ.

ಸಮುದಾಯದ ಮೇಲೆ ಭರವಸೆ ಇಡುವಾಗ ಒಂದು ಎಚ್ಚರ ಬೇಕೇ ಬೇಕು. ನಮ್ಮ ಊರುಗಳಲ್ಲಿ ಸಮುದಾಯ ಎಂದರೆ ಜಾತಿಯೂ ಹೌದು. ಊರ ನಡುವಿನ ಓಣಿಯ ಒಂಟಿ ಅಜ್ಜಿಗೆ ತಟ್ಟೆ ಮುಚ್ಚಿಕೊಂಡು ಊಟ ತಂದುಕೊಡುವ ನೆರೆಯವರೇ ಕೇರಿಯ ಒಂಟಿ ಅಜ್ಜಿಯ ಹೊಸ್ತಿಲು ತುಳಿಯುತ್ತಾರೆಂದು ಹೇಳಲಾಗದು. ಕೇರಿಯ ಹೆಂಗಸರು ಬಿಸಿ ಊಟ ಮಾಡಿ ಕೊಟ್ಟರೆ ಊರಿನಲ್ಲಿ ಉಣ್ಣುವವರಾರು ಎಂಬ ಪ್ರಶ್ನೆಯಂತೂ ಇನ್ನೂ ದೂರದ್ದು. ಹೆಸರು ಹೇಳುವ ಕೆಲಸವನ್ನು ಊರ ಹಿರಿಯರಿಗಷ್ಟೇ ಬಿಟ್ಟರೆ ಪಟ್ಟಿ ಎಲ್ಲಿ ನಿಲ್ಲುತ್ತದೆಂಬುದನ್ನು ಊಹಿಸಬಹುದು. ಕೇಳಬೇಕಾದದ್ದು ಕೇರಿಯಲ್ಲೇ ಇರುವ ಅಂಗನವಾಡಿ ಸಹಾಯಕಿಯನ್ನು, ಸಂಘದ ಹೆಂಗಸರನ್ನು, ಸಾಲ ಬರೆದಿಡುವ ಕಿರಾಣಿ ಅಂಗಡಿಯವನನ್ನು; ಯಾರ ಮನೆಯಿಂದ ನಾಲ್ಕು ದಿನಗಳಿಂದ ಹೊಗೆ ಎದ್ದಿಲ್ಲವೆಂಬುದು ಇವರಿಗೆ ಗೊತ್ತಿರುತ್ತದೆ.

ಹಾಗೆ ಕೇಳಲು ಹೊಸ ಕಾಯ್ದೆಯೇನೂ ಬೇಕಿಲ್ಲ. ವಾರ್ಡ್ ಸಭೆಯಲ್ಲಿ ವರ್ಷಕ್ಕೆ ಎರಡು ಸಲ ಮೂರು ಪಟ್ಟಿಗಳನ್ನು ಗಟ್ಟಿಯಾಗಿ ಓದಬಹುದು: ಒಬ್ಬರೇ ಇರುವ ಅರವತ್ತು ದಾಟಿದವರು, ಪಿಂಚಣಿ ನಿಂತವರು, ಬೆರಳು ಹತ್ತದೆ ಪಡಿತರ ತಪ್ಪಿದವರು. ಓದಿದ ಹೆಸರಿನ ಮುಂದೆ, ಅವರ ಕಡತ ಹಿಡಿದು ತಾಲ್ಲೂಕಿಗೆ ಹೋಗುವವರ ಹೆಸರನ್ನೂ ಬರೆಯಬೇಕು, ಹೋದವರಿಗೆ ಆ ದಿನದ ಕೂಲಿಯನ್ನೂ ಬಸ್ ಚಾರ್ಜನ್ನೂ ಪಂಚಾಯಿತಿ ಕೊಡಬೇಕು. ಮನಿಆರ್ಡರಿನ ಕಾಲದಲ್ಲಿ ಪೋಸ್ಟ್‌ಮ್ಯಾನ್ ಮುರಿದುಕೊಳ್ಳುತ್ತಿದ್ದ ಇಪ್ಪತ್ತು ರೂಪಾಯಿ ಲಂಚವೆನಿಸಿತ್ತು. ಅದೇ ಹಣವನ್ನು ಬಾಗಿಲು ತಟ್ಟುವವರ ಕೂಲಿಯೆಂದು ಖರ್ಚಿನ ಪುಸ್ತಕದಲ್ಲಿ ಬರೆಯಲು ಅಡ್ಡಿಯೇನಿದೆ?